ವಾರಕ್ಕೆ ಒಂದೇ ವರ್ಣ ಸಾಕು

ಇಂಗ್ಲೆಂಡಿನ ಡೆವನ್ ಸೀಮೆಯ ಡಾರ್ಟಿಂಗ್ಟನ್ ಹಾಲ್, 14ನೇ ಶತಮಾನದ ಕೊನೆಯಲ್ಲಿ ಎದ್ದ ಕಲ್ಲಿನ ದೊಡ್ಡಮನೆ. ಪಾಳುಬಿದ್ದಿದ್ದ ಅದನ್ನು 1925ರಲ್ಲಿ ಕೊಂಡು ದುರಸ್ತಿ ಮಾಡಿಸಿದವರು ಎಲ್ಮ್‌ಹರ್ಸ್ಟ್ ದಂಪತಿ. ಗಂಡ ಲೆನರ್ಡ್ ಅದಕ್ಕೂ ಮುಂಚೆ ರವೀಂದ್ರನಾಥ ಠಾಕೂರರ ಜೊತೆ ಗ್ರಾಮೋದ್ಧಾರ ಕೇಂದ್ರವಾದ ಶ್ರೀನಿಕೇತನ ಕಟ್ಟಲು ದುಡಿದವರು. ಸಂಗೀತ ವಿಮರ್ಶಕ ವಿಲಿಯಂ ಗ್ಲಾಕ್ 1948ರಲ್ಲಿ ಬೇರೆ ಊರಲ್ಲಿ ಶುರುಮಾಡಿದ್ದ ಬೇಸಿಗೆ ಸಂಗೀತ ಶಾಲೆ 1953ರಲ್ಲಿ ಈ ಮನೆಗೆ ಬಂತು. ದಶಕಗಳ ಕಾಲ ಅಲ್ಲಿ ನಡೆದದ್ದು ಇದು: ಹೆಸರಾಂತ ಕಲಾವಿದರೂ, ಭಾನುವಾರ ಮಾತ್ರ ಪಿಟೀಲು ಹಿಡಿಯುವ ಸಾಮಾನ್ಯರೂ ಒಂದೇ ಊಟದ ಮನೆಯಲ್ಲಿ ಕೂತರು, ಹಗಲು ಪಾಠ, ರಾತ್ರಿ ಕಛೇರಿ, ದಿನಕ್ಕೊಮ್ಮೆ ಎಲ್ಲರೂ ಸೇರಿ ದೊಡ್ಡ ವೃಂದಗಾನ.

ನಮ್ಮ ಏಪ್ರಿಲ್-ಮೇ ಸಂಗೀತ ಶಿಬಿರಗಳಿಗೆ ಇದರಲ್ಲಿ ತರಬೇಕಾದದ್ದು ಆ ಊಟದ ಮನೆ. ವಿದ್ವಾಂಸರಿಗೆ ಬೇರೆ ಪಂಕ್ತಿ, ಬೇರೆ ಕೋಣೆ ಮಾಡಿದೊಡನೆ ಅರ್ಧ ಪಾಠ ಹೋಯಿತು. ರಾಗದ ಬಗ್ಗೆ ಕೇಳಲು ಧೈರ್ಯವಿಲ್ಲದವರು ಸಾರು ಬಡಿಸುವಾಗ ಕೇಳುತ್ತಾರೆ.

ತರಬಾರದ್ದು ಅಲ್ಲಿನ ವೇಗ. ಅಲ್ಲಿ ಐದಾರು ದಿನದಲ್ಲಿ ಒಂದು ಗಂಟೆಯ ಕೃತಿ ಕೂಡುತ್ತಿತ್ತು, ಏಕೆಂದರೆ ಹಾಡುವವರ ಕೈಯಲ್ಲಿ ಮೊದಲ ದಿನವೇ ಅಚ್ಚಾದ ಸ್ವರಲಿಪಿ ಇರುತ್ತಿತ್ತು, ಅದನ್ನು ಓದಿ ಹಾಡುವ ರೂಢಿಯೂ ಇರುತ್ತಿತ್ತು. ನಮ್ಮದು ಕಿವಿಯ ವಿದ್ಯೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ವರ್ಷಗಟ್ಟಲೆ ಉಳಿದು, ಗುರುಗಳ ಬಾಯಿಂದ ಕೇಳಿ ಕೇಳಿಯೇ ಕಲಿತರು. ಹತ್ತು ದಿನಕ್ಕೆ ಎಂಟು ಕೃತಿ ಎಂದು ಕರಪತ್ರ ಹಾಕಿಸುವ ಶಿಬಿರದಿಂದ ಮಕ್ಕಳು ಮನೆಗೆ ಒಯ್ಯುವುದು ಸಾಹಿತ್ಯದ ಹಾಳೆಯನ್ನು ಮಾತ್ರ.

ಆರು ದಿನಕ್ಕೆ ಆದಿತಾಳದ ಒಂದು ವರ್ಣ, ಅಂದರೆ ಸಾಹಿತ್ಯವೂ ಸ್ವರವೂ ಕೂಡಿದ ಅಭ್ಯಾಸದ ರಚನೆ, ಸಾಕು. ಮೊದಲ ದಿನ ಪಲ್ಲವಿ, ಅನುಪಲ್ಲವಿ. ಎರಡನೇ ದಿನ ಅನುಪಲ್ಲವಿಯ ಬೆನ್ನಿಗೆ ಬರುವ ಮುಕ್ತಾಯಿಸ್ವರ. ಮುಂದಿನೆರಡು ದಿನ ಚರಣ ಮತ್ತು ಅದರ ಜೊತೆ ಹಾಡುವ ಎತ್ತುಗಡೆ ಸ್ವರಗಳು. ಉಳಿದೆರಡು ದಿನವೂ ಎರಡನೇ ಕಾಲಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ ಬೇಕು, ಏಕೆಂದರೆ ಮುಗ್ಗರಿಸುವುದು ಅಲ್ಲೇ: ಹಾಡು ಇಮ್ಮಡಿಯಾದಾಗ ತಾಳದ ಕೈಯೂ ಜೊತೆಗೆ ಓಡುತ್ತದೆ. ಆಗ ಸಾಹಿತ್ಯ ಬಿಟ್ಟು ಬರೀ ಸ್ವರ ಹಾಡಿಸಿ, ಒಬ್ಬರೇ ತಾಳ ಹಾಕಬೇಕು.

ದೊಡ್ಡ ತೊಡಕು ಶ್ರುತಿಯದು, ಅಂದರೆ ಹಾಡಿನ ಆಧಾರ ಸ್ವರದ್ದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಂಗಸರದು ಸಾಮಾನ್ಯವಾಗಿ ಐದು, ಐದೂವರೆ ಮನೆ. ಗಂಡಸರದು ಒಂದು, ಒಂದೂವರೆ. ಅಲ್ಲಿನ ವೃಂದಗಾನ ನಾಲ್ಕು ಬಗೆಯ ಕಂಠಕ್ಕೆ ನಾಲ್ಕು ಬೇರೆ ಸಾಲು ಕೊಟ್ಟು ಇದನ್ನು ಬಿಡಿಸಿಕೊಂಡಿತ್ತು. ನಮ್ಮಲ್ಲಿ ಇರುವುದು ಒಂದೇ ಸಾಲು. ನಡುವಿನ ಮೂರು ಮನೆಗೆ ಎಲ್ಲರನ್ನೂ ಎಳೆದರೆ ಹೆಂಗಸರಿಗೆ ಕೆಳಗಿನ ಮಂದ್ರ ಸಿಗದು, ಗಂಡಸರು ಮೇಲಿನ ತಾರಸ್ಥಾಯಿಯಲ್ಲಿ ಕಿರುಚುತ್ತಾರೆ. ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ಎರಡು ತಂಬೂರಿ, ಎರಡು ಕೋಣೆ, ಎರಡು ಗುಂಪು ಮಾಡುವುದೇ ಸರಿ.

ಆ ತಂಬೂರಿಗೂ ಸಮಯ ಕೊಡಬೇಕು. ತಂತಿಗಳನ್ನು ಹೊರುವ ಕುದುರೆಯ ಮೇಲೆ ಒಂದೊಂದು ತಂತಿಯ ಅಡಿಯೂ ಒಂದೆಳೆ ಹತ್ತಿಯ ದಾರವಿರುತ್ತದಲ್ಲ, ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಮೀಟಬೇಕು. ಒಂದು ಕಡೆ ತಂತಿ ಮೊಂಡಾಗಿ ಠಣ್ ಎನ್ನುತ್ತದೆ, ಇನ್ನೊಂದು ಕಡೆ ಕರ್ಕಶ. ಆ ಎರಡರ ನಡುವೆ ಎಲ್ಲೋ ತಂತಿಯ ನಾದ ತೆರೆದು ದುಂಬಿಯಂತೆ ಮೊರೆಯುತ್ತದೆ. ಕಲ್ಲುಮನೆಯ ತಂಪಿನಿಂದ ಬಿಸಿಲಿಗೆ ತಂದರೆ ಬಿಗಿಸಿದ್ದೆಲ್ಲ ಇಳಿದುಬಿಡುತ್ತದೆ. ತಂತಿ ಬಿಗಿಯುವ ಬಿರಡೆ ಜಾರಿದರೆ ಸ್ವಲ್ಪ ಸೀಮೆಸುಣ್ಣ ಸವರಿ ಒತ್ತಿ ತಿರುಗಿಸಬೇಕು. ಡಾರ್ಟಿಂಗ್ಟನ್ನಿನ ಆಗಸ್ಟ್ ತಂಪು. ನಮ್ಮ ಮೇ ತಿಂಗಳಲ್ಲಿ ವೀಣೆಯ ಲೋಹದ ಮೆಟ್ಟಿಲುಗಳನ್ನು ಕೂರಿಸಿದ ಮೇಣವೇ ಮೆತ್ತಗಾಗಿ ಅವು ಕದಲುವುದುಂಟು. ಆದ್ದರಿಂದ ವೀಣೆಯನ್ನು ಕಿಟಕಿಯ ಬಿಸಿಲು ತಾಗದ ಒಳಗೋಡೆಗೆ ಇಡಬೇಕು, ಬಸ್ಸಿನ ಡಿಕ್ಕಿಯಲ್ಲಂತೂ ಬೇಡವೇ ಬೇಡ.

ಜಾಗಕ್ಕೆ ದೂರ ಹುಡುಕಬೇಕಿಲ್ಲ. ಹಾಸನ ಜಿಲ್ಲೆಯಲ್ಲಿ ಕಾವೇರಿಯ ದಡದ ರುದ್ರಪಟ್ಟಣ ತಲೆತಲಾಂತರದಿಂದ ಸಂಗೀತಗಾರರ ಊರು; ತಂಬೂರಿಯ ಆಕಾರದ ಗುಡಿಯೂ ಅಲ್ಲಿದೆ. ಅಲ್ಲಿ ಬೇಸಿಗೆ ಶಾಲೆ ನಡೆಸುವುದಾದರೆ ನಸುಕಿನ ಐದಕ್ಕೆ ಮಂದ್ರಸ್ಥಾಯಿಯ ಅಭ್ಯಾಸ, ಏಳರಿಂದ ಹತ್ತೂವರೆಯವರೆಗೆ ಪಾಠ. ಹನ್ನೊಂದರಿಂದ ನಾಲ್ಕರವರೆಗೆ ಗಂಟಲಿಗೂ ವಾದ್ಯಕ್ಕೂ ವಿಶ್ರಾಂತಿ; ಆ ಹೊತ್ತಿನಲ್ಲಿ ಬರೀ ಕೇಳ್ಮೆ.