ಬಾಡಿಗೆ ಹಾಲಿನ ದುಡ್ಡಲ್ಲಿ ಕಟ್ಟಬಹುದು, ಅಡ್ವಾನ್ಸ್ ಎಲ್ಲಿಂದ ತರೋದು?

ಸಿಇಟಿ ಸೀಟು ಹಂಚಿಕೆ ಶುರುವಾದರೆ ಸಾಕು, ಹಾಸನದಲ್ಲಿ ಯಾರನ್ನು ಮಾತಾಡಿಸಿದರೂ ಅದೇ ಗೋಳು: "ಬೆಂಗಳೂರಲ್ಲಿ ಬಾಡಿಗೆ ಕೇಳೋಕಾಗಲ್ಲ ಕಣ್ರೀ." ನಿಜ, ಕೇಳೋಕಾಗಲ್ಲ. ಆದರೂ ನನ್ನ ಲೆಕ್ಕ ಸ್ವಲ್ಪ ಬೇರೆ. ನಮ್ಮ ಕಡೆ ಮನೆಗಳನ್ನು ಸುಸ್ತು ಹೊಡೆಸುತ್ತಿರುವುದು ತಿಂಗಳ ಬಾಡಿಗೆಗಿಂತ ಜಾಸ್ತಿ ಆ ಅಡ್ವಾನ್ಸ್. ಅದರ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ವಾಪಸ್ ಬರೋ ದುಡ್ಡಲ್ವಾ ಅಂತ ಸುಮ್ಮನಾಗಿಬಿಡುತ್ತಾರೆ.

ಬಾಡಿಗೆ ಹೇಗೋ ಹೊಂದುತ್ತೆ. ಮನೆಯಲ್ಲಿ ಎರಡು ಸೀಮೆಹಸು ಇದ್ದರೆ ಡೈರಿ ಬಟವಾಡೆ ಬರುತ್ತಿರುತ್ತೆ. ಅದರಲ್ಲೇ ಉಳಿಸಿ ಮಗಳ ಫೋನಿಗೆ ತಿಂಗಳಾ ತಿಂಗಳಾ ದುಡ್ಡು ಹಾಕುವ ಅಪ್ಪಂದಿರನ್ನು ನಾನು ನೋಡಿದ್ದೇನೆ. ಆದರೆ ಒಂದೇ ಸಲಕ್ಕೆ ಅರ್ಧ ಲಕ್ಷ ತನ್ನಿ ಅಂದರೆ? ಅಂಥ ದುಡ್ಡು ನಮ್ಮಲ್ಲಿ ಬೆಳೆ ಬಂದಾಗಲೇ ಕೈಗೆ ಬರೋದು. ಸೀಟು ಹಂಚಿಕೆ ನಡೆಯುವ ಹೊತ್ತಿಗೆ ಶುಂಠಿ ಇನ್ನೂ ನೆಲದೊಳಗೇ ಇರುತ್ತೆ. ಜೋಳ ಇನ್ನೂ ಹೊಲದಲ್ಲೇ ನಿಂತಿರುತ್ತೆ. ಆಗ ಬೀರುವಿನಿಂದ ಹೊರಗೆ ಬರೋದು ಅಮ್ಮನ ಸರ.

ನಮ್ಮ ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಾಗ ಮನೆ ಹುಡುಕಲು ನಾನೂ ಜೊತೆಗೆ ಹೋಗಿದ್ದೆ. ಅವಳು, ಅವಳ ಮೂವರು ಗೆಳತಿಯರು ಸೇರಿ ಒಂದು ಡಬಲ್ ಬೆಡ್‌ರೂಮ್ ಮನೆ ಮಾಡುವುದು ಅಂತ ಯೋಚನೆ. ಹೆಸರಘಟ್ಟ ರಸ್ತೆ ಕಡೆ ಒಂದು ಟು-ಲೆಟ್ ಬೋರ್ಡ್ ನೋಡಿ ನಿಂತೆವು. ಓನರ್ ಹೊರಗೆ ಬಂದರು. ಗೇಟು ತೆಗೆಯಲಿಲ್ಲ. ಅದರ ಮೇಲೆ ಎರಡೂ ಕೈ ಊರಿಕೊಂಡೇ ಮಾತು.

"ಯಾವ ಊರಾಯ್ತು ಸರ್?"

"ಹಾಸನ."

"ಓ ಹಾಸನಾನಾ! ನಮ್ಮ ಮನೆಯವರೂ ಅರಕಲಗೂಡು ಕಡೆಯವರೇ. ನೀವು ಯಾವ ಜನ?"

"ಮಕ್ಕಳು ಓದೋಕೆ ಬಂದಿದಾರೆ ಸರ್, ನಾಲ್ಕು ಜನ" ಅಂದೆ.

"ಅಯ್ಯೋ, ನಾವು ಅದೆಲ್ಲ ನೋಡೋರಲ್ಲ. ಸುಮ್ನೆ ಕೇಳಿದೆ. ನಾನ್‌ವೆಜ್ ಮಾಡ್ತಾರಾ ಅಂತ ಅಷ್ಟೇ."

ನಮ್ಮ ಹುಡುಗಿ ನನ್ನ ಬೆನ್ನ ಹಿಂದಿನಿಂದ, "ಮಾವ, ಮೊಟ್ಟೆ ಯಾವ ಲೆಕ್ಕಕ್ಕೆ ಬರುತ್ತೆ ಕೇಳಿ" ಅಂದಳು. ನಾನು ಕೇಳಲಿಲ್ಲ. ಓನರ್ ಬಾಡಿಗೆ 20,000 ಅಂದರು. ಅಡ್ವಾನ್ಸ್ ಹತ್ತು ತಿಂಗಳದು. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರಂತೆ.

ಈಗ ಲೆಕ್ಕ ಹಾಕಿ. ಅಡ್ವಾನ್ಸ್ 2 ಲಕ್ಷ, ತಲೆಗೆ 50,000. ಊರಲ್ಲಿ ಕೈಸಾಲ ತಂದರೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ ಒಂದು ಸಾವಿರ ಆಯ್ತು. ನಾಲ್ಕು ವರ್ಷದ ಕೋರ್ಸ್ ಮುಗಿಯುವಷ್ಟರಲ್ಲಿ ಬಡ್ಡಿಯೇ 48,000. ಜೊತೆಗೆ ಪೇಂಟಿಂಗ್ ಪಾಲು 5,000. ಅಂದರೆ 50,000 "ವಾಪಸ್ ಬರೋ ದುಡ್ಡು" ಇಡೋಕೆ 53,000 ವಾಪಸ್ ಬರದ ದುಡ್ಡು ಖರ್ಚು. ತಲೆಗೆ 5,000 ಅಂದುಕೊಂಡ ಬಾಡಿಗೆ ಆರು ಸಾವಿರ ದಾಟಿತು. ಒಡವೆ ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಕಡಿಮೆ, ಸರಿ. ಆದರೆ ನಾಲ್ಕು ವರ್ಷ ಒಡವೆ ಅಲ್ಲೇ ಇರಬೇಕು. ಓನರ್ ಮಾತ್ರ ನಮ್ಮ ದುಡ್ಡಿಗೆ ಒಂದು ಪೈಸೆ ಬಡ್ಡಿ ಕೊಡುವುದಿಲ್ಲ. ಕೇಳಿದರೆ ನಕ್ಕುಬಿಡುತ್ತಾರೆ.

ಸಂಬಳದವರಿಗೆ ಇದು ಅಷ್ಟು ನೋಯಲ್ಲ. ಎರಡು ಬೋನಸ್‌ನಲ್ಲಿ ತೀರಿಸಿ ಕೈ ತೊಳೆದುಕೊಳ್ಳುತ್ತಾರೆ. ಹತ್ತು ತಿಂಗಳ ಪದ್ಧತಿ ಯಾರನ್ನು ನೋಡಿ ಶುರುವಾಯಿತೋ ಏನೋ, ಓದುವ ಮಕ್ಕಳನ್ನು ನೋಡಿ ಅಲ್ಲ ಅನ್ನೋದಂತೂ ಗ್ಯಾರಂಟಿ. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆ, ಚೌಕಾಸಿ ಮಾಡಿದರೆ ಇನ್ನೂ ಸ್ವಲ್ಪ ಇಳಿಯುತ್ತಾರೆ. ಹಾಗಾಗಿ ಬಾಡಿಗೆಯಲ್ಲಿ ಐನೂರು ಕಡಿಮೆ ಮಾಡಿ ಅಂತ ಗೋಗರೆಯುವ ಬದಲು ಅಡ್ವಾನ್ಸ್ ಇಳಿಸಿ ಅಂತ ಹಟ ಹಿಡಿಯಿರಿ. ಲಾಭ ಇರೋದು ಅಲ್ಲಿ.

ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯ್ದೆ ಮಾಡಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ತೆಗೆದುಕೊಳ್ಳಬಾರದು ಅಂತ ಅದರಲ್ಲಿದೆ. ಆದರೆ ಅದು ಬರೀ ಮಾದರಿ. ರಾಜ್ಯ ತನ್ನ ಕಾನೂನಿನೊಳಗೆ ತಂದರೆ ಮಾತ್ರ ಜೀವ. ಓನರ್ ಕಡೆಯೂ ಒಂದು ನ್ಯಾಯ ಇದೆ ಅಂತ ಒಪ್ಪುತ್ತೇನೆ. ಬಾಡಿಗೆ ಕೊಡದೆ ಕೂತವರನ್ನು ಬಿಡಿಸೋಕೆ ಕೋರ್ಟಿಗೆ ಅಲೆಯಬೇಕು, ವರ್ಷಗಟ್ಟಲೆ. ಆ ಭಯಕ್ಕೆ ಎರಡು ಮೂರು ತಿಂಗಳದು ಇಟ್ಟುಕೊಳ್ಳಲಿ. ಹತ್ತು ಯಾಕೆ? ಅಷ್ಟಾದ ಮೇಲೂ ಅಗ್ರಿಮೆಂಟ್ 11 ತಿಂಗಳಿಗೆ. ಒಂದು ವರ್ಷ ಮೀರಿದ ಕರಾರು ಅಂದರೆ ನೋಂದಣಿ ಮಾಡಿಸಲೇಬೇಕಲ್ಲ, ಅದನ್ನು ತಪ್ಪಿಸೋ ದಾರಿ ಅದು. ಹೊಸ ಅಗ್ರಿಮೆಂಟ್ ನೆಪದಲ್ಲಿ ಬಾಡಿಗೆ ಮತ್ತೆ ಏರುತ್ತೆ.

ಇನ್ನೊಂದು ವಿಷಯ, ಇದನ್ನು ಈ ವರ್ಷ ಸೀಟು ತಗೊಳ್ಳುವವರು ಗಮನವಿಟ್ಟು ಓದಿ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸೀಟು ಕೊಟ್ಟಾಗ ನಾಲ್ಕು ಚಾಯ್ಸ್ ಇರುತ್ತಲ್ಲ. ಚಾಯ್ಸ್ 1 ಅಂದರೆ ಸಿಕ್ಕ ಕಾಲೇಜಿಗೇ ಸೇರಿಬಿಡೋದು. ಚಾಯ್ಸ್ 2 ಅಂದರೆ ಈ ಸೀಟು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅಲ್ಲಿಗೆ. ಬುದ್ಧಿವಂತ ಮಕ್ಕಳು ತುಂಬಾ ಜನ ಚಾಯ್ಸ್ 2 ಒತ್ತುತ್ತಾರೆ. ಈ ಮಧ್ಯೆ ಅಪ್ಪ ಅಮ್ಮ ಗಾಬರಿಯಾಗಿ, ಆಮೇಲೆ ಸಿಗಲ್ಲ ಅಂತ ಮೊದಲ ಕಾಲೇಜಿನ ಪಕ್ಕ ಮನೆಗೆ ಟೋಕನ್ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮುಂದಿನ ಸುತ್ತಿನಲ್ಲಿ ಸೀಟು ಊರಿನ ಇನ್ನೊಂದು ಮೂಲೆಗೆ ಹೋಗುತ್ತೆ. ಟೋಕನ್ ಹೋಯ್ತು ಅಂತಲೇ ತಿಳಿಯಿರಿ. ಕೊನೆ ಸುತ್ತು ಮುಗಿಯುವ ತನಕ ಮನೆ ತಂಟೆಗೇ ಹೋಗಬೇಡಿ. ತಿಂಗಳ ಲೆಕ್ಕದ ಪಿಜಿ ಸಾಕು.

ಪಿಜಿ ಅಂದರೆ ಸುಖ ಅಂತ ಹೇಳುತ್ತಿಲ್ಲ. ನಮ್ಮ ಹುಡುಗಿ ಮೊದಲು ಇದ್ದ ತ್ರಿಬಲ್ ಶೇರಿಂಗ್ ರೂಮಿಗೆ ಹೋಗಿ ನೋಡಿದ್ದೇನೆ. ಮೂರು ಕಬ್ಬಿಣದ ಮಂಚ. ಮಧ್ಯೆ ಒಬ್ಬರು ನಡೆದರೆ ಇನ್ನೊಬ್ಬರು ಕಾಲು ಮೇಲೆತ್ತಬೇಕು. ಗೋಡೆಗೆ ಒಂದೇ ಪ್ಲಗ್. ಅದಕ್ಕೊಂದು ಎಕ್ಸ್‌ಟೆನ್ಷನ್ ಬಾಕ್ಸ್, ಅದಕ್ಕೆ ಮೂರು ಫೋನು, ಎರಡು ಲ್ಯಾಪ್‌ಟಾಪು, ನೀರು ಕಾಯಿಸೋ ಒಂದು ಕಾಯಿಲ್. ಯಾವುದು ಎಷ್ಟು ಹೊತ್ತಿಗೆ ಯಾರದು ಅಂತ ಪೇಪರ್‌ನಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅದೇ ಅನ್ನ ಬೇರೆ ಬಣ್ಣದಲ್ಲಿ. ಮುದ್ದೆ ಬೇಕು ಅಂದರೆ ಹಾಸನ ಬಸ್ಸೇ ಹತ್ತಬೇಕು. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ತಂದಿತು: ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿ ಕ್ಯಾಮೆರಾ, ಅಡುಗೆಮನೆ ಇದ್ದರೆ ಆಹಾರ ಲೈಸೆನ್ಸ್. ಮೂರು ಮಂಚದ ರೂಮ್ ಅಂದರೆ 210 ಚದರ ಅಡಿ ಇರಬೇಕು. ಹೋದಾಗ ಹೆಜ್ಜೆ ಹಾಕಿ ಅಳೆದು ನೋಡಿ, ಗೊತ್ತಾಗುತ್ತೆ. ಪಿಜಿಯವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದರೆ ಕೇಳಿ. ತಿಂಗಳಿಗೆ 20,000 ಒಳಗಿನ ವಸತಿಗೆ, 90 ದಿನ ಒಂದೇ ಸಮ ಇದ್ದರೆ, ಜಿಎಸ್‌ಟಿ ಇಲ್ಲ ಅಂತ 2024ರಲ್ಲೇ ತೀರ್ಮಾನ ಆಗಿದೆ.

ಕರೆಂಟ್ ಬಿಲ್ಲಿನ ಕಥೆಯೂ ಇಂಥದ್ದೇ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತೆ. ಮನೆ ನೋಡುವಾಗಲೇ ನಿಮ್ಮ ಮನೆಗೆ ಬೇರೆ ಮೀಟರ್ ಇದೆಯಾ, ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಏನು ಅಂತ ಕೇಳಿಕೊಳ್ಳಿ. ಮೂರು ಮನೆಗೆ ಒಂದೇ ಮೀಟರ್ ಇಟ್ಟು ಯೂನಿಟ್‌ಗೆ ಇಷ್ಟು ಅಂತ ವಸೂಲಿ ಮಾಡೋರ ಹತ್ತಿರ ಹೋದರೆ ಆ ಸೌಲಭ್ಯ ನಿಮ್ಮ ಪಾಲಿಗಿಲ್ಲ.

ಜಾಗದ ಬಗ್ಗೆ ಒಂದು ಮಾತು. ಕಾಲೇಜು ಗೇಟಿನ ಪಕ್ಕವೇ ಬೇಕು ಅನ್ನೋದು ಬಿಡಿ. ಅಲ್ಲಿ ಎಲ್ಲರೂ ಹುಡುಕುತ್ತಾರೆ, ಅದಕ್ಕೇ ಅಷ್ಟು ರೇಟು. ಹಾಸನದವರಿಗೆ ಪಡುವಣ ದಿಕ್ಕು ಅನುಕೂಲ. 2017ರಲ್ಲಿ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಬಂತಲ್ಲ, ಅದು ನೆಲಮಂಗಲ, ಚಿಕ್ಕಬಾಣಾವರ ದಾಟಿಯೇ ಯಶವಂತಪುರಕ್ಕೆ ಹೋಗೋದು. ನಮ್ಮ ಬಸ್ಸುಗಳು ಬರೋದೂ ತುಮಕೂರು ರಸ್ತೆಯಲ್ಲೇ. 2024ರ ನವೆಂಬರ್‌ನಲ್ಲಿ ಹಸಿರು ಮೆಟ್ರೋ ಮಾದಾವರದ ತನಕ ಬಂದಿದೆ. ಆದರೆ ಮರು ವರ್ಷ ಫೆಬ್ರುವರಿಯಲ್ಲಿ ಅದರ ಟಿಕೆಟ್ಟೂ ಏರಿತು, ಗರಿಷ್ಠ 60 ಇದ್ದದ್ದು 90 ಆಯ್ತು. ದಿನಾ ಮೆಟ್ರೋ ಅಂತ ಲೆಕ್ಕ ಹಾಕಿದರೆ ಬಾಡಿಗೆಯಲ್ಲಿ ಉಳಿಸಿದ್ದು ಅಲ್ಲಿ ಹೋಗುತ್ತೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇರೋದರಿಂದ ಸಾಮಾನ್ಯ ಬಿಎಂಟಿಸಿ ಬಸ್ ಫ್ರೀ, ಹಾಗಾಗಿ ಒಂದು ಗಂಟೆ ದೂರದ ಮನೆಯಾದರೂ ಖರ್ಚಿಲ್ಲ. ನಮ್ಮ ಹುಡುಗಿಯ ಗುಂಪು ಕೊನೆಗೆ ಇದೇ ದಾರಿ ಹಿಡಿಯಿತು. ದೂರದ ಮನೆ, ಮೂರು ತಿಂಗಳ ಅಡ್ವಾನ್ಸ್. ದಿನಾ ಎರಡು ಗಂಟೆ ಬಸ್ಸಲ್ಲಿ ಹೋಗುತ್ತೆ ಅಂತ ಅವಳ ಕಂಪ್ಲೇಂಟ್ ಇದೆ, ಅದು ಸುಳ್ಳಲ್ಲ.

ಸರ್ಕಾರಿ ಹಾಸ್ಟೆಲ್ ಸಿಕ್ಕರೆ ಇಷ್ಟೆಲ್ಲ ಬೇಕಿಲ್ಲ. ಸಿಗೋದು ಕಷ್ಟ, ಆದರೂ ಅರ್ಜಿ ಹಾಕದೆ ಬಿಡಬೇಡಿ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಅದು ಶುರುವಾದಾಗ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಆ ಮೊತ್ತಕ್ಕೆ ಬೆಂಗಳೂರಲ್ಲಿ ಮಂಚದ ಕಾಲೂ ಬರಲ್ಲ ಅನ್ನಿ. ಶಿಕ್ಷಣ ಸಾಲ ತೆಗೆಯುವವರು ಬರೀ ಫೀಸು ಬರೆಸಿ ಬರಬೇಡಿ, ಹೊರಗಿನ ಊಟ, ವಸತಿ ಖರ್ಚನ್ನೂ ಸೇರಿಸಿ ಅಂತ ಮ್ಯಾನೇಜರ್‌ಗೆ ಕೇಳಿ.

ನಮ್ಮ ಹಾಸನವೇನು ಕಡಿಮೆ ಇಲ್ಲ. ಸಾಲಗಾಮೆ ರಸ್ತೆ, ವಿದ್ಯಾನಗರದಲ್ಲಿ ಹೊರ ಜಿಲ್ಲೆಯ ಮಕ್ಕಳು ರೂಮ್ ಹುಡುಕಿಕೊಂಡು ಬಂದರೆ "ಫ್ಯಾಮಿಲಿಗೆ ಮಾತ್ರ" ಅನ್ನೋರು, "ಯಾವ ಜನ" ಅನ್ನೋರು ಇಲ್ಲೂ ಇದ್ದಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಅಂತ ಇತ್ತು. ದಿನಕ್ಕೊಂದು ಮನೆಯಲ್ಲಿ ಉಂಡು ಹುಡುಗರು ಓದುತ್ತಿದ್ದರು. ಅದರಲ್ಲೂ ಜಾತಿ ನೋಡುತ್ತಿದ್ದರು, ಅದನ್ನು ಮರೆತು ಹೊಗಳೋಕೆ ನನಗೆ ಇಷ್ಟವಿಲ್ಲ. ಆದರೆ ಓದೋಕೆ ಬಂದ ಹುಡುಗನ ಅನ್ನ, ನೆರಳು ಊರಿನ ಜವಾಬ್ದಾರಿ ಅನ್ನೋ ಯೋಚನೆಯಾದರೂ ಇತ್ತು. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಉಳಿದು ಓದುತ್ತಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಶಾಸಕರ ಅನುದಾನ ಬಂತು ಅಂದರೆ ಸಮುದಾಯ ಭವನ. ಊರಿಗೊಂದಾಯಿತು, ಈಗ ಕೇರಿಗೊಂದು. ವರ್ಷದಲ್ಲಿ ನಾಲ್ಕು ಮದುವೆ, ಮಿಕ್ಕ ದಿನ ಬೀಗ. ಆ ದುಡ್ಡು ಒಟ್ಟುಗೂಡಿಸಿ ಜಿಲ್ಲೆಯ ಎಲ್ಲ ಜಾತಿಯ ಮಕ್ಕಳಿಗೆ ಬೆಂಗಳೂರಿನಲ್ಲಿ ಒಂದು ಹಾಸ್ಟೆಲ್ ಕಟ್ಟೋಕೆ ಆಗಲ್ವಾ? ಇದನ್ನು ಒಬ್ಬ ಮುಖಂಡರ ಎದುರು ಹೇಳಿದೆ. "ಕ್ಷೇತ್ರದ ದುಡ್ಡು ಕ್ಷೇತ್ರದ ಹೊರಗೆ ಹಾಕೋಕೆ ಬರಲ್ಲಪ್ಪ" ಅಂದರು. ಸರಿ, ರೂಲ್ಸು ಹಾಗಿರಬಹುದು. ಆದರೆ ರಾಜ್ಯ ಸರ್ಕಾರದಿಂದ ತರಿಸೋಕೆ ಯಾವ ರೂಲ್ಸು ಅಡ್ಡ ಬರುತ್ತೆ? "ಬೆಂಗಳೂರಲ್ಲಿ ಜಾಗಕ್ಕೆ ಎಷ್ಟು ರೇಟು ಗೊತ್ತೇನಯ್ಯಾ?" ಅಂತಲೂ ಕೇಳಿದರು. ಜಯನಗರದಲ್ಲಿ ಕಟ್ಟಿ ಅಂತ ಯಾರೂ ಹೇಳುತ್ತಿಲ್ಲ ಸ್ವಾಮಿ. ಚಿಕ್ಕಬಾಣಾವರದ ಈಚೆ, ಹಾಸನದ ರೈಲು ನಿಲ್ಲುವ ಯಾವ ಸ್ಟೇಷನ್ ಆದರೂ ಸರಿ.