ತಿಪ್ಪೇಸ್ವಾಮಿ ಬಿನ್ ತಿಪ್ಪಯ್ಯ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಪಹಣಿಯನ್ನೋ ಮತದಾರರ ಪಟ್ಟಿಯನ್ನೋ ಒಮ್ಮೆ ತಿರುವಿ ಹಾಕಿ. ತಿಪ್ಪೇಸ್ವಾಮಿ ಬಿನ್ ತಿಪ್ಪಯ್ಯ. ತಿಪ್ಪಯ್ಯ ಬಿನ್ ತಿಪ್ಪೇರುದ್ರಪ್ಪ. ತಿಪ್ಪಮ್ಮ ಕೋಂ ತಿಪ್ಪೇಸ್ವಾಮಿ. (ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ.) ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಗ್ರಾಮ ಲೆಕ್ಕಿಗರಿಗೆ ಮೊದಮೊದಲು ತಲೆ ಗಿರ್ ಅನ್ನುತ್ತದೆ. ಯಾರ ಜಮೀನು ಯಾರದ್ದು, ಯಾರ ಅಪ್ಪ ಯಾರು ಅಂತ ತಿಳಿಯುವಷ್ಟರಲ್ಲಿ ಅವರಿಗೆ ಮತ್ತೆ ವರ್ಗವಾಗಿರುತ್ತದೆ.

ಇದೇ ಹೆಸರನ್ನು ಉಡುಪಿಯಲ್ಲೋ ಕಾರವಾರದಲ್ಲೋ ಹುಡುಕಿ ನೋಡಿ. ಸಿಕ್ಕರೆ ಅವರು ಅಲ್ಲಿಗೆ ನೌಕರಿಗೆ ಹೋದವರೇ ಆಗಿರುತ್ತಾರೆ. ಒಂದು ಸೀಮೆಯಲ್ಲಿ ಮನೆಗೊಬ್ಬ, ಅದರಾಚೆ ಹುಡುಕಿದರೂ ಇಲ್ಲ. ಹೀಗೆ ಗಡಿ ಹಾಕಿಕೊಂಡು ಬದುಕುವ ಹೆಸರು ನಮ್ಮಲ್ಲಿ ಜಾಸ್ತಿ ಇಲ್ಲ. ಇದರ ಸೀಮೆ ಸುಮಾರಾಗಿ ಚಿತ್ರದುರ್ಗ ಜಿಲ್ಲೆ. ಅಲ್ಲಿಂದ ಒಂದಿಷ್ಟು ದಾವಣಗೆರೆ, ಬಳ್ಳಾರಿ, ಪಾವಗಡ, ಆಮೇಲೆ ಆಂಧ್ರದ ರಾಯದುರ್ಗ, ಮಡಕಶಿರಾ.

ಅರ್ಥ ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಿಪ್ಪೆ ಅಂದರೆ ತಿಪ್ಪೆಯೇ. ಹಿತ್ತಲಲ್ಲಿ ಸಗಣಿ, ಬೂದಿ, ಕಸಕಡ್ಡಿ, ದನ ತಿಂದು ಬಿಟ್ಟ ಸೊಪ್ಪೆ ಎಲ್ಲ ಸುರಿದು ಕೊಳೆಹಾಕುವ ಗುಡ್ಡೆ. ಅದರ ಮೇಲೆ ಕೋಳಿ ಕೆದಕುತ್ತಿರುತ್ತವೆ. ಮಳೆ ಬಂದ ಮಾರನೆಯ ದಿನ ಯಾರೂ ನೆಡದ ಕುಂಬಳ ಬಳ್ಳಿಯೊಂದು ಅದರಿಂದಲೇ ಎದ್ದಿರುತ್ತದೆ. ಅಂಥ ಜಾಗದ ಹೆಸರನ್ನು ತೊಟ್ಟಿಲಲ್ಲಿರುವ ಕೂಸಿಗೆ ಯಾಕಾದರೂ ಇಟ್ಟರು?

ನಮ್ಮ ದೊಡ್ಡಮ್ಮ ಇದನ್ನು ವಿವರಿಸುತ್ತಿದ್ದ ರೀತಿಯಲ್ಲಿ ದುಃಖವೇನೂ ಇರುತ್ತಿರಲಿಲ್ಲ. ಅಡುಗೆ ಮಾಡುವ ಕ್ರಮ ಹೇಳಿದಂತೆ ಹೇಳುತ್ತಿದ್ದರು. ಮೊದಲು ಹುಟ್ಟಿದ ಎರಡೋ ಮೂರೋ ಕೂಸುಗಳು ಉಳಿಯಲಿಲ್ಲ ಅಂತ ಇಟ್ಟುಕೊಳ್ಳಿ. ಮುಂದಿನದು ಹುಟ್ಟಿದ ಕೂಡಲೇ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಹತ್ತಿರ ಒಯ್ಯಬೇಕು. ತಿಪ್ಪೆಯ ಮೇಲೆ ಒಂದು ಸಲ ಹೊರಳಿಸಿದ ಹಾಗೆ ಮಾಡಿ ಅಲ್ಲೇ ಬಿಟ್ಟು, ಹಿಂದೆ ತಿರುಗಿ ನೋಡದೆ ಬಂದುಬಿಡಬೇಕು. ಸೂಲಗಿತ್ತಿಯೋ ಪಕ್ಕದ ಮನೆಯಾಕೆಯೋ ಮೊದಲೇ ಮಾತಾಡಿಕೊಂಡ ಹಾಗೆ ಆ ಕಡೆಯಿಂದ ಬಂದು, ‘ಅಯ್ಯೋ, ಯಾರದೋ ಕೂಸು ತಿಪ್ಪೇಲಿ ಬಿದ್ದೈತಲ್ಲ’ ಅಂತ ಎತ್ತಿಕೊಳ್ಳಬೇಕು. ಹೆತ್ತವಳು ಒಂದಿಷ್ಟು ತೌಡು ಕೊಟ್ಟು ಅದನ್ನು ಅವಳಿಂದ ಕೊಂಡುಕೊಳ್ಳಬೇಕು. ಕೆಲವರು ಮೂಗು ಚುಚ್ಚಿಸುವುದೂ ಉಂಟು. ಅಲ್ಲಿಗೆ ಕೂಸು ಈ ಮನೆಯದ್ದಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು, ತೌಡಿಗೆ ಕೊಂಡದ್ದು. ಕೊಂಡೊಯ್ಯಲು ಬಂದ ಜವರಾಯ ಬಾಗಿಲಲ್ಲಿ ನಿಂತು ಲೆಕ್ಕ ನೋಡಿದರೆ ಹೆಸರೇ ತಾಳೆಯಾಗುವುದಿಲ್ಲ.

‘ಅವನಿಗೆ ಗೊತ್ತಾಗಲ್ವಾ ದೊಡ್ಡಮ್ಮ, ಇಷ್ಟೆಲ್ಲ ನಾಟಕ?’ ಅಂತ ಕೇಳಿದ್ದೆ. ‘ಕಸ ಅಂದ್ರೆ ಯಾರು ಮುಟ್ತಾರೆ, ಅವನೂ ಮುಟ್ಟಲ್ಲ’ ಅಂದಿದ್ದರು. ಜವರಾಯನಿಗೂ ಒಂದು ಮಡಿ ಮೈಲಿಗೆ ಇದ್ದಂತಿದೆ.

ಇದು ನಮ್ಮೊಬ್ಬರ ಉಪಾಯವೇನಲ್ಲ. ತಮಿಳರು ಕುಪ್ಪೈ ಅಂದರೆ ಕಸದಿಂದ ಕುಪ್ಪನ್, ಕುಪ್ಪಮ್ಮಾಳ್, ಕುಪ್ಪುಸ್ವಾಮಿ ಮಾಡಿಕೊಂಡರು. ಮದ್ರಾಸಿನಲ್ಲಿ ಸಂಸ್ಕೃತದ ಸಂಶೋಧನೆಗೆಂದೇ ಇರುವ ಸಂಸ್ಥೆಯ ಮೇಲೂ ಕುಪ್ಪುಸ್ವಾಮಿ ಶಾಸ್ತ್ರಿಗಳ ಹೆಸರಿದೆ. ತೆಲಂಗಾಣದಲ್ಲಿ ಪೆಂಟಯ್ಯ, ಪೆಂಟಮ್ಮ. ಪೆಂಟ ಅಂದರೂ ತಿಪ್ಪೆಯೇ. ಶ್ರೀಕಾಕುಳಂ ಕಡೆ ತೌಡಿನ ಲೆಕ್ಕವನ್ನೇ ಹೆಸರಾಗಿಟ್ಟು ತವಿಟಯ್ಯ, ತವಿಟಮ್ಮ ಅನ್ನುತ್ತಾರೆ. ರಸೀದಿಯನ್ನೇ ಮಗುವಿಗೆ ಅಂಟಿಸಿದ ಹಾಗೆ. ಮರಾಠಿಯವರಿಗೆ ಕಲ್ಲಿನ ಮೇಲೆ ನಂಬಿಕೆ: ದಗಡು, ಧೋಂಡೊ. ಕಲ್ಲನ್ನು ಒಯ್ದು ಯಾರೇನು ಮಾಡಿಯಾರು? ಹೆಣ್ಣುಮಕ್ಕಳ ಓದಿಗಾಗಿ ದುಡಿದು, 1958ರಲ್ಲಿ ಭಾರತರತ್ನ ಪಡೆದ ಮಹರ್ಷಿ ಕರ್ವೆಯವರ ಹೆಸರು ಧೋಂಡೊ ಕೇಶವ ಕರ್ವೆ. ಅವರು ನೂರು ದಾಟಿ ಬದುಕಿದರು. ಹೆಸರು ಕೆಲಸ ಮಾಡಿತು ಅನ್ನುವವರಿಗೆ ನನ್ನ ಕಡೆಯಿಂದ ಇದೊಂದು ಸಾಕ್ಷಿ.

ನಮ್ಮಲ್ಲೂ ಹುಚ್ಚಪ್ಪ, ಅಡಿವೆಪ್ಪ, ಸುಡುಗಾಡೆಪ್ಪ ಇದ್ದಾರೆ. ಹೆಣ್ಣು ಸಾಲಾಗಿ ಹುಟ್ಟಿದಾಗ ದೇವರಿಗೆ ಕೊಟ್ಟ ನೋಟೀಸಿನಂಥ ಸಾಕಮ್ಮನೂ ಇದ್ದಾಳೆ. ಹಾಗಂತ ಎಲ್ಲ ಸಾಕಮ್ಮಂದಿರೂ ಬೇಡವಾಗಿ ಹುಟ್ಟಿದವರಲ್ಲ, ಎಲ್ಲ ಹುಚ್ಚಪ್ಪಂದಿರಿಗೂ ಜವರಾಯನಿಗೆ ಹೆದರಿ ಇಟ್ಟ ಹೆಸರಲ್ಲ ಅದು. ಅಜ್ಜಿಯ ಹೆಸರು, ಮನೆದೇವರ ಹೆಸರು ಅಂತ ಬಂದವೇ ಹೆಚ್ಚು. ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಕಾಫಿಪುಡಿ ಅಂದರೆ ಸಾಕಮ್ಮ. ಆ ಸಾಕಮ್ಮನವರ ಹೆಸರಲ್ಲಿ ಬಸವನಗುಡಿಯ ಹತ್ತಿರ ಒಂದು ಬಡಾವಣೆಯೇ ಇದೆ.

ಆದರೆ ಈ ಸಾಲಿನ ಬೇರೆ ಹೆಸರುಗಳಿಗೆ ಸಿಗದ ಒಂದು ಅದೃಷ್ಟ ತಿಪ್ಪೆಗೆ ಸಿಕ್ಕಿತು. ಅದಕ್ಕೊಬ್ಬ ದೊಡ್ಡ ಗುರು ಸಿಕ್ಕ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. ಕೊಟ್ಟೂರಿನ ಕೊಟ್ಟೂರೇಶ್ವರರಂತೆ, ಪಂಚಗಣಾಧೀಶ್ವರರು ಅನ್ನುವ ಐವರು ಗುರುಗಳಲ್ಲಿ ಒಬ್ಬರು. ಪವಾಡಗಳ ಕತೆ ಬೇಕಾದಷ್ಟಿವೆ. ನನಗೆ ಅವುಗಳಿಗಿಂತ ಇಷ್ಟವಾಗುವುದು ಅವರು ಕಟ್ಟಿಸಿದರು ಅನ್ನುವ ಐದು ಕೆರೆಗಳು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ ಅದು. ಅಲ್ಲಿ ಕೆರೆಗಿಂತ ದೊಡ್ಡ ಪವಾಡ ಯಾವುದಿದೆ ಹೇಳಿ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವುದು ಅವರ ಮಾತು. ಆಟೋದ ಹಿಂದೆ, ಲಾರಿಯ ಹಣೆಯ ಮೇಲೆ, ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಎಲ್ಲ ಕಡೆ ಬರೆಸಿರುತ್ತಾರೆ. ಗಲ್ಲಾಪೆಟ್ಟಿಗೆಯ ಮೇಲೆ ಇದ್ದಾಗ ಮಾತ್ರ ಅದರ ಧ್ವನಿ ಸ್ವಲ್ಪ ಬೇರೆ ಅನ್ನಿಸುತ್ತದೆ.

ಫಾಲ್ಗುಣದಲ್ಲಿ ಅಲ್ಲಿ ದೊಡ್ಡ ತೇರು. ಬಿಸಿಲೆಂದರೆ ಬಿಸಿಲು. ಒಣಕೊಬ್ಬರಿಯನ್ನು ರಾಶಿ ಹಾಕಿ ಸುಡುತ್ತಾರೆ, ಎಣ್ಣೆಯ ಹೊಗೆ ಕಣ್ಣಿಗೆ ಅಡರುತ್ತದೆ, ಊರಿಗೆ ಊರೇ ಕೊಬ್ಬರಿ ವಾಸನೆ. ತೇರು ಸುಮ್ನೆ ಹೊರಡುವುದಿಲ್ಲ. ಮೊದಲು ಮುಕ್ತಿ ಬಾವುಟದ ಹರಾಜು ಆಗಬೇಕು. ಮೈಕಿನಲ್ಲಿ ಲಕ್ಷ ಲಕ್ಷ ಅಂತ ಏರುತ್ತಾ ಹೋಗುತ್ತದೆ. ಹಿಡಿದವರು ಒಂದು ಬಾವುಟಕ್ಕೆ ಮನೆ ಕಟ್ಟುವಷ್ಟು ದುಡ್ಡು ಹಾಕಿ ಹೂವಿನ ಹಾರ ಹಾಕಿಸಿಕೊಳ್ಳುತ್ತಾರೆ. ಅದೇ ಗದ್ದಲದ ನಡುವೆ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು ಕಾಣುತ್ತಾರೆ. ‘ಉಳಿಸಿಕೊಡಪ್ಪ, ನಿನ್ನ ಹೆಸರೇ ಇಡ್ತೀವಿ’ ಅಂತ ಹರಕೆ ಹೊತ್ತವರು. ಹೀಗೆ ಹೆಸರಿನ ದಾರಿಯೇ ಬದಲಾಯಿತು. ಮೊದಲು ಸಾವನ್ನು ಯಾಮಾರಿಸಲು ಇಟ್ಟದ್ದು, ಆಮೇಲೆ ಗುರುವಿಗೆ ಕೊಟ್ಟ ಮಾತಿಗಾಗಿ ಇಟ್ಟದ್ದು. ಚಳ್ಳಕೆರೆಯ ಹುಡುಗನನ್ನು ನಿನ್ನ ಹೆಸರಿಗೆ ಅರ್ಥವೇನು ಅಂತ ಕೇಳಿದರೆ ತಿಪ್ಪೆಯ ಮಾತನ್ನೇ ಎತ್ತುವುದಿಲ್ಲ, ‘ಹಟ್ಟಿ ಸ್ವಾಮಿ ಹೆಸ್ರು ಸಾರ್’ ಅನ್ನುತ್ತಾನೆ. ಅವನು ಹೇಳಿದ್ದೇ ಸರಿ.

ಬರಿಯ ಬಡವರ ಹೆಸರು ಅಂತಲೂ ತಿಳಿಯಬೇಡಿ. ವಿಜಯನಗರದ ಇಮ್ಮಡಿ ದೇವರಾಯನ (1424–1446) ಸೋದರಿಯನ್ನು ಮದುವೆಯಾದವನು ಸಾಳುವ ತಿಪ್ಪರಾಜ. ಗೋಪೇಂದ್ರ ತಿಪ್ಪ ಭೂಪಾಲ ಅನ್ನುವವನು ವಾಮನನ ಅಲಂಕಾರ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನವನ್ನೇ ಬರೆದ. ತೆಲುಗಿನ ಶ್ರೀನಾಥ ಕವಿಯಿಂದ ಕಾವ್ಯ ಅಂಕಿತ ಮಾಡಿಸಿಕೊಂಡ ದೊಡ್ಡ ವರ್ತಕ ಅವಚಿ ತಿಪ್ಪಯ ಸೆಟ್ಟಿ. ರಾಜರ ಮನೆಯಲ್ಲೂ ಸಾಹುಕಾರರ ಮನೆಯಲ್ಲೂ ತೊಟ್ಟಿಲು ಖಾಲಿಯಾಗುತ್ತಿತ್ತು, ಅಲ್ವಾ? ನಮ್ಮ ಕಾಲಕ್ಕೆ ಬಂದರೆ ಎಚ್. ತಿಪ್ಪೇರುದ್ರಸ್ವಾಮಿ ಇದ್ದರು. ಕನ್ನಡದ ದೊಡ್ಡ ವಿದ್ವಾಂಸರು. ಕರ್ನಾಟಕ ಸಂಸ್ಕೃತಿಯ ಬಗ್ಗೆ ಬರೆದದ್ದಕ್ಕೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಹಿರಿಯೂರು ಕಡೆಯಿಂದ ಮೈಸೂರಿಗೆ ಹೋದ ಪಿ. ಆರ್. ತಿಪ್ಪೇಸ್ವಾಮಿ ಅಂತ ಇನ್ನೊಬ್ಬರು. ಜಲವರ್ಣದ ಕಲಾವಿದರು. ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ ಕಟ್ಟಲು ಊರೂರು ತಿರುಗಿದವರು. ಹಳ್ಳಿಯವರು ಬೇಡವೆಂದು ಅಟ್ಟಕ್ಕೆಸೆದ ಮರದ ಪಾತ್ರೆ, ಮುರಿದ ಗೊಂಬೆ, ತುಕ್ಕು ಹಿಡಿದ ಗೆಜ್ಜೆ ಇಂಥವಕ್ಕೆಲ್ಲ ಅಲ್ಲಿ ಜಾಗವಾಯಿತು. ಆ ಕೆಲಸಕ್ಕೆ ಆ ಹೆಸರಿನವರೇ ಒದಗಿದ್ದು ನೋಡಿ ನನಗೆ ನಗುವೂ ಬರುತ್ತದೆ, ಹೆಮ್ಮೆಯೂ ಆಗುತ್ತದೆ.

ಊರಲ್ಲಿ ಈ ಹೆಸರಿನಿಂದ ಯಾರಿಗೂ ಮುಜುಗರವಿಲ್ಲ. ಅಲ್ಲಿನ ತೊಂದರೆಯೇ ಬೇರೆ. ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆದರೆ ಒಟ್ಟಿಗೆ ನಾಲ್ಕು ‘ಎಸ್ ಸಾರ್’. ಅದಕ್ಕೇ ಉದ್ದ ತಿಪ್ಪ, ಕರಿ ತಿಪ್ಪ, ಹೋಟ್ಲು ತಿಪ್ಪ, ಕನ್ನಡಕದ ತಿಪ್ಪ ಅಂತ ಊರೇ ಎರಡನೆಯ ಸಲ ನಾಮಕರಣ ಮಾಡುತ್ತದೆ. ಕನ್ನಡಕ ಬಿಟ್ಟು ಲೆನ್ಸ್ ಹಾಕಿಸಿಕೊಂಡರೂ ಅವನು ಕನ್ನಡಕದ ತಿಪ್ಪನೇ.

ಮುಜುಗರ ಶುರುವಾಗುವುದು ತುಮಕೂರು ದಾಟಿದ ಮೇಲೆ. ಕಾಲೇಜಿನಲ್ಲಿ ‘ತಿಪ್ಪರಲಾಗ’ ಅಂತ ಕಾಡುತ್ತಾರೆ. ಹುಡುಗ ಆ ವರ್ಷವೇ ತಿಪ್ಪೇಶ್ ಆಗುತ್ತಾನೆ. ರಮೇಶ್, ಸುರೇಶ್, ತಿಪ್ಪೇಶ್. ಸಾಲಿಗೆ ಸಾಲು ಸರಿಹೋಯಿತು. ಇಂಗ್ಲಿಷಿನಲ್ಲಿ ಬರೆಯುವಾಗ ತಕಾರಕ್ಕೆ ‘ಎಚ್’ ಸೇರಿಸುತ್ತಾರಲ್ಲ, ಅದನ್ನು ಯಾರೋ ಕಂಪ್ಯೂಟರಿನಲ್ಲಿ ಮತ್ತೆ ಕನ್ನಡಕ್ಕೆ ತಂದು ‘ಥಿಪ್ಪೇಸ್ವಾಮಿ’ ಮಾಡುತ್ತಾರೆ. ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು. ಎರಡೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಲು ಅವನು ನೋಟರಿಯ ಮುಂದೆ ಕೂತಿರುತ್ತಾನೆ. ಬೆಂಗಳೂರಿನ ಕಾಫಿ ಅಂಗಡಿಯೊಂದರಲ್ಲಿ ಗೆಳೆಯನೊಬ್ಬನ ಕಪ್ಪಿನ ಮೇಲೆ ‘ಟಿಪ್ಸಿ’ ಅಂತ ಬರೆದುಕೊಟ್ಟರಂತೆ. ಕುಡಿದದ್ದು ಫಿಲ್ಟರ್ ಕಾಫಿ. ಬೆಂಗಳೂರಿಗಂತೂ ಈ ಹೆಸರನ್ನು ನುಂಗಿ ಅಭ್ಯಾಸವಿದೆ. ವರ್ಷಗಟ್ಟಲೆ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಕುಡಿದ ಊರು ಅದು. ಕುಡಿಯುತ್ತಲೇ ಅದನ್ನು ಟಿ.ಜಿ. ಹಳ್ಳಿ ಮಾಡಿ ಮುಗಿಸಿತು.

ಈಗ ತೊಟ್ಟಿಲಲ್ಲಿ ಈ ಹೆಸರು ಕೇಳುವುದು ಊರಲ್ಲೂ ಕಡಿಮೆಯಾಗಿದೆ. ಮೊಮ್ಮಗ ಆರವ್, ಮೊಮ್ಮಗಳು ಶನಾಯಾ. ಇದಕ್ಕೆ ಹುಡುಗರ ನಾಚಿಕೆಯೊಂದೇ ಕಾರಣ ಅಂತ ಹಿರಿಯರು ಗೊಣಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1971ರಲ್ಲಿ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. ಕರ್ನಾಟಕದಲ್ಲಿ ಈಗ ಆ ಲೆಕ್ಕ 20ಕ್ಕಿಂತ ಕೆಳಗೆ ಇಳಿದಿದೆ. ಲಸಿಕೆ ಬಂತು, ಆಸ್ಪತ್ರೆಯ ಹೆರಿಗೆ ಬಂತು, ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ಬಂದಳು. ಜವರಾಯನನ್ನು ಯಾಮಾರಿಸುವ ಕೆಲಸವನ್ನು ಹೆಸರು ಆಕೆಗೆ ವಹಿಸಿಕೊಟ್ಟು ನಿವೃತ್ತಿಯಾಗುತ್ತಿದೆ. ಪಿಂಚಣಿಯಿಲ್ಲದ ನಿವೃತ್ತಿ. ಹೊಸ ಹೆಸರುಗಳು ಕೇಳಲು ಚೆನ್ನಾಗಿವೆ, ನಿಜ. ಆದರೆ ಅವಕ್ಕೆ ಮಾಡಲು ಕೆಲಸವೇನೂ ಇಲ್ಲ.

ಪೂರ್ತಿ ಹೋಗಿಬಿಡುತ್ತದೆ ಅಂತಲೂ ಅಲ್ಲ. ನಮ್ಮಲ್ಲಿ ಅಪ್ಪನ ಹೆಸರು ಮಗನಿಗೆ ಇನಿಷಿಯಲ್ಲು. ಟಿ. ಆರ್ಯನ್ ಅಂತ ಬರೆದರೆ ಆ ‘ಟಿ’ ಒಳಗೆ ಇಡೀ ತಿಪ್ಪೇಸ್ವಾಮಿ ಕೂತಿರುತ್ತಾರೆ. ಊರಲ್ಲಿರುವಷ್ಟು ದಿನ ಅಷ್ಟೇ ಸಾಕು. ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಮಾತ್ರ ಇನಿಷಿಯಲ್ ಬಿಡಿಸಿ ಬರೆಯಬೇಕು, ಸರ್‌ನೇಮ್ ಅಂತ ಒಂದು ಖಾನೆಯೂ ಇರುತ್ತದೆ. ಬೇರೆ ಏನೂ ಸಿಗದೆ ಅಪ್ಪನ ಹೆಸರನ್ನೇ ಅಲ್ಲಿ ತುಂಬುತ್ತಾರೆ. ವೀಸಾ ಬಂದಾಗ ಹುಡುಗ ಆರ್ಯನ್ ತಿಪ್ಪೇಸ್ವಾಮಿ. ಅಮೆರಿಕದ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಮನೆ ಬಾಡಿಗೆಯ ಕರಾರಿನಲ್ಲಿ ಎಲ್ಲ ಕಡೆ ಮಿಸ್ಟರ್ ತಿಪ್ಪೇಸ್ವಾಮಿ. ಅಪ್ಪನಿಗೆ ನಾಲ್ಕು ಮೈಲಿ ಸುತ್ತಳತೆಯಲ್ಲಿ ಸಿಕ್ಕಿದ ಮರ್ಯಾದೆಯೆಲ್ಲ ಮಗನಿಗೆ ಫೋನಿನಲ್ಲಿ ಅಕ್ಷರ ಅಕ್ಷರ ಬಿಡಿಸಿ ಹೇಳುವುದರಲ್ಲಿ ಕಳೆಯುತ್ತದೆ. ಅಲ್ಲಿನ ಆಸ್ಪತ್ರೆಯಲ್ಲಿ ಅವನಿಗೊಂದು ಮಗು ಹುಟ್ಟಿದರೆ, ಚೆಂದದ ಹೆಸರು ಹುಡುಕುವುದಕ್ಕೆ ಮೊದಲೇ ನರ್ಸ್ ಬಂದು ಎಳೆ ಕೈಗೊಂದು ಪಟ್ಟಿ ಕಟ್ಟಿ ಹೋಗಿರುತ್ತಾಳೆ: ಬೇಬಿ ಗರ್ಲ್ ತಿಪ್ಪೇಸ್ವಾಮಿ.