ಅಳತೆಗೊಂದು ಕೀಲಿಕೈ

ನಮ್ಮ ಮನೆಯ ಕೀಲಿಕೈ ಸದ್ಯ ತುಂಗಭದ್ರೆಯ ದಂಡೆಯಲ್ಲಿದೆ. ನಾನು ಹಾವೇರಿಯಲ್ಲಿ, ನಮ್ಮದೇ ಮನೆಯ ಕಟ್ಟೆಯ ಮೇಲೆ ಸೊಳ್ಳೆ ಹೊಡೆದುಕೊಳ್ಳುತ್ತ ಕುಳಿತಿದ್ದೇನೆ. ಇನ್ನೊಂದು ಕೀಲಿಕೈ ಗದಗಿನ ತವರಿಗೆ ಹೋಗಿರುವ ಹೆಂಡತಿಯ ಪರ್ಸಿನಲ್ಲಿದೆ. ಫೋನ್ ಮಾಡಿದರೆ ಕಾರಣ ಹೇಳಬೇಕು. ಅದಕ್ಕಿಂತ ಸೊಳ್ಳೆಯೇ ವಾಸಿ.

ಕಾರಣ, ಪಕ್ಕದ ಮನೆಯ ಮಾಸ್ತರರು. ನಿವೃತ್ತರಾದ ಮೇಲೆ ಉಳಿದವರು ವಾಕಿಂಗ್ ಹಿಡಿದರೆ ಇವರು ಕಲ್ಲು ಹಿಡಿದರು. 1965ರಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಅವರು ಹಳ್ಳೂರಿನಲ್ಲಿ ಅಗೆಸಿ, ಸುಮಾರು 4,000 ವರ್ಷಗಳ ಹಿಂದಿನ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದದ್ದು ನಮ್ಮ ಜಿಲ್ಲೆಯಲ್ಲೇ ಎಂಬುದು ಅವರ ಹೆಮ್ಮೆ. ಅಲ್ಲಿ ಸಿಕ್ಕ ಕುದುರೆಯ ಮೂಳೆಗಳ ವಿಷಯವನ್ನು ನನಗೆ ಹಾಲಿನ ಅಂಗಡಿಯಲ್ಲಿ ಹೇಳಿದ್ದಾರೆ, ದವಾಖಾನೆಯಲ್ಲಿ ಹೇಳಿದ್ದಾರೆ, ಒಬ್ಬರ ಮಣ್ಣಿಗೆ ಹೋದಾಗಲೂ ಹೇಳಿದ್ದಾರೆ.

ಅದನ್ನೆಲ್ಲ ಸಹಿಸಬಹುದು. ಆದರೆ ಅವರು ಕಲ್ಲನ್ನು ನೆಕ್ಕುತ್ತಾರೆ.

ಒದ್ದೆಯಾದರೆ ಕಲ್ಲಿನ ಬಣ್ಣ, ಕಣ, ಚಕ್ಕೆ ಎದ್ದ ಗುರುತು ಎಲ್ಲ ಸ್ಪಷ್ಟವಾಗುತ್ತವಂತೆ. ಹಳೆಯ ಮೂಳೆಯಾದರೆ ಅದರ ಸಣ್ಣ ಸಣ್ಣ ರಂಧ್ರಗಳಿಂದಾಗಿ ನಾಲಿಗೆಗೆ ಅಂಟುತ್ತದಂತೆ. ನಿಜವೇ ಇರಬಹುದು. ಆದರೆ ಇವತ್ತು ರವಿವಾರ, ಎರಡು ಮಾರು ದೂರದಲ್ಲಿ ಇಡೀ ತುಂಗಭದ್ರೆ ಹರಿಯುತ್ತಿದ್ದಳು. ಅದ್ದಿ ನೋಡಬಹುದಿತ್ತು. ಎಮ್ಮೆಗಳು ಮೈ ತೊಳೆದುಕೊಂಡು ಎದ್ದುಹೋದ ದಂಡೆಯಲ್ಲಿ ಮಾಸ್ತರರು ಬಗ್ಗಿ ಬಗ್ಗಿ ನೆಕ್ಕುತ್ತ ನಡೆದರು. ನಾನು ಅಪರಿಚಿತನಂತೆ ಹಿಂದೆ ನಡೆದೆ. ಬಟ್ಟೆ ಒಗೆಯುವ ಬಂಡೆಯ ಬಳಿ ಬಿಳಿಯ ತುಣುಕೊಂದು ಕಂಡಿತು. "ಬೆಣಚುಕಲ್ಲು!" ಎಂದು ಹಾರಿ ಹಿಡಿದು ಎರಡು ಸಲ ನೆಕ್ಕಿದರು. ಮೂರನೆಯ ಸಲಕ್ಕೆ ತುಟಿಯ ಅಂಚಿನಲ್ಲಿ ನೊರೆ ಬಂತು. ಸಾಬೂನು. ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು, ಗಂಭೀರವಾಗಿ ತೀರ್ಪು ಕೊಟ್ಟರು: "ಇದು ಇತ್ತೀಚಿನದು."

ನಾನು ನಗುವುದಕ್ಕೆಂದು ಆಚೆ ತಿರುಗಿದಾಗಲೇ ಅದು ಕಂಡದ್ದು. ಅಂಗೈಯಗಲದ ಚಪ್ಪಟೆ ಕಲ್ಲು, ಎದುರುಬದುರು ಅಂಚುಗಳಲ್ಲಿ ಒಂದೊಂದು ಕಚ್ಚು. ಮಾಸ್ತರರ ದನಿ ನಡುಗಿತು. "ಮುಟ್ಟಬೇಡಿ! ಬಲೆಯ ಗುಂಡು. ಆ ಕಚ್ಚಿನಲ್ಲಿ ದಾರ ಕೂರಿಸಿ ಬಲೆಯ ಅಂಚಿಗೆ ಕಟ್ಟುತ್ತಿದ್ದರು. ಬಲೆ ಮುಳುಗಬೇಕಲ್ಲ!"

ಬಲೆ ಕೊಡವುತ್ತಿದ್ದ ಮೀನುಗಾರನೊಬ್ಬ ಬಂದು ಇಣುಕಿದ. ಅವನ ಬೀಸುಬಲೆಗೆ ಸೀಸದ ಗುಂಡುಗಳಿದ್ದವು. "ನಮ್ಮ ಅಜ್ಜನೂ ಇಂಥದೇ ಕಟ್ಟುತ್ತಿದ್ದ" ಎಂದ. ಅಲ್ಲಿಗೆ ಅದು 4,000 ವರ್ಷದ್ದೋ, ಅವನ ಅಜ್ಜನದೋ? ಮಾಸ್ತರರು ಕುಗ್ಗಲಿಲ್ಲ. "ಕಲ್ಲಿನ ವಯಸ್ಸು ಕಲ್ಲಿನಲ್ಲಿ ಇರುವುದಿಲ್ಲ, ಅದು ಮಲಗಿದ ಮಣ್ಣಿನಲ್ಲಿರುತ್ತದೆ. ಎತ್ತಿದರೆ ಎಲ್ಲ ಹೋಯಿತು. ಫೋಟೋ ತೆಗೆದು ಬಲ್ಲವರಿಗೆ ತೋರಿಸೋಣ. ಅಳತೆ ತಿಳಿಯಲು ಪಕ್ಕದಲ್ಲಿಡುವುದಕ್ಕೆ ಏನಾದರೂ ಕೊಡಿ."

ಕೊಟ್ಟೆ.

ಅವರು ಮೊಣಕಾಲೂರಿ ಫೋಟೋ ತೆಗೆಯುತ್ತಿದ್ದಷ್ಟು ಹೊತ್ತು ನಾನು ಆ ಕಲ್ಲನ್ನೇ ನೋಡುತ್ತಿದ್ದೆ. ದಾರ ಕೊಳೆತುಹೋಗಿದೆ, ಬಲೆ ಕೊಳೆತುಹೋಗಿದೆ, ಮೀನು ಯಾರ ಹೊಟ್ಟೆಗೋ ಹೋಗಿದೆ. ಯಾವ ಕಾಲದವನೋ ಪಾಪ, ಸಂಜೆ ಗುಂಡುಗಳನ್ನು ಎಣಿಸಿ ಒಂದು ಕಡಿಮೆ ಎಂದು ಇದೇ ಮರಳಿನಲ್ಲಿ ಹುಡುಕಾಡಿರಬೇಕು. ಬರಿಗೈಯಲ್ಲಿ ಹೋಗಿ ಮನೆಯಲ್ಲಿ ಬೈಸಿಕೊಂಡಿರಬೇಕು. ಆಗ ಅವನ ಮೇಲೆ ಕನಿಕರ ಬಂತು. ಈಗ ನನ್ನ ಮೇಲೆ ಬರುತ್ತಿದೆ. ಯಾವುದನ್ನೂ ಕದಲಿಸಬಾರದೆಂಬ ನಿಯಮವನ್ನು ಮಾಸ್ತರರು ಎಷ್ಟು ನಿಷ್ಠೆಯಿಂದ ಪಾಲಿಸಿದರೆಂದರೆ, ಕಲ್ಲಿನ ಜೊತೆ ಕೀಲಿಕೈಯನ್ನೂ ಇದ್ದಲ್ಲೇ ಬಿಟ್ಟು ಬಂದಿದ್ದಾರೆ. ಫೋಟೋದಲ್ಲಿ ಎರಡೂ ಚೆನ್ನಾಗಿ ಬಂದಿವೆ.

"ನಮ್ಮ ಮನೆಗೆ ಬನ್ನಿ" ಎಂದು ಕರೆದರು. ಅವರ ಮನೆಯಲ್ಲಿ ಕುರ್ಚಿಗಳ ಮೇಲೂ ಕಲ್ಲುಗಳೇ ಕುಳಿತಿರುತ್ತವೆ. "ಬೇಡ, ಕೀಲಿ ಒಡೆದುಬಿಡೋಣ, ಒಂದು ಗಟ್ಟಿ ಕಲ್ಲು ತನ್ನಿ" ಎಂದೆ. ತಪ್ಪಿತಸ್ಥರಂತೆ ಓಡಿಹೋಗಿ, ಗಟಾರದ ಪಕ್ಕದಿಂದ ಒಂದನ್ನು ಎತ್ತಿ ತಂದರು. ನಾನು ಕೈ ಚಾಚಿದೆ.

"ಒಂದು ನಿಮಿಷ" ಎಂದು ಮಾಸ್ತರರು ಅದನ್ನು ಬೀದಿದೀಪದ ಕೆಳಗೆ ಒಯ್ದು, ನಾಲಿಗೆ ಹೊರಗೆ ಹಾಕಿದರು.